ಜಹೀರಾಬಾದ್–ನಾರಾಯಣಖೇಡ–ತಾಂಡೂರು: ಭಾಷಾ ಶಿಕ್ಷಣ
ತೆಲಂಗಾಣದ ಈ ಗಡಿ ಪ್ರದೇಶಗಳಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ, ಲಂಬಾಣಿ ಭಾಷಿಕರ ನಡುವಿನ ವ್ಯವಹಾರ ಹಾಗೂ ಅದಕ್ಕೆ ಸಂಬಂಧಿಸಿದ ಶಾಲಾ ಕಲಿಕೆ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು; 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಆಗ ಅದೇ ಆಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದ್ (ನಿರ್ಣಾ ವಲಯ ಬಿಟ್ಟು), ಗುಲ್ಬರ್ಗ ಜಿಲ್ಲೆಯ ತಾಂಡೂರು ಅಂದಿನ ಆಂಧ್ರಪ್ರದೇಶಕ್ಕೆ ಸೇರಿದವು. ಅಲ್ಲಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದರು. ಗಡಿಯಾಚೆಯ ನೆಂಟಸ್ತಿಕೆ ಮಾತ್ರ ಮುಂದುವರಿಯಿತು. ತಾಂಡೂರಿನ ತೊಗರಿ, ಹಾಸುಗಲ್ಲಿನ ವ್ಯಾಪಾರದಲ್ಲಿ ಮನೆಮಾತು ಬೇರೆಯಾದವರಿಗೆ ದಖನಿ ಉರ್ದು ಒದಗುತ್ತದೆ. ಶಾಲೆಯ ವಿಷಯಕ್ಕೆ ಬಂದರೆ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದ ಮಾತೃಭಾಷಾ ಬೋಧನೆಗೆ ಸಂವಿಧಾನದ 350ಎ ವಿಧಿ ಆಧಾರ. ಅದು ನಿರ್ದೇಶನವೇ ಹೊರತು ನಿಶ್ಚಿತ ಖಾತರಿಯಲ್ಲ. 2018ರ ತೆಲಂಗಾಣ ಕಾಯ್ದೆ 1ರಿಂದ 10ನೇ ತರಗತಿವರೆಗೆ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಿತು.