ಶೆಲ್ಲಿನೊಳಗಿನ ಕರಿಪುಡಿ

ಗೆಳೆಯರೇ, ಶರಣಸಿರಸಗಿ ಕಡೆ ಬ್ಯಾಟ್ರಿ ಅಂದರೆ ಟಾರ್ಚು, ಅದರೊಳಗೆ ಹಾಕುವುದು ಶೆಲ್. ಮುಗಿದ ಶೆಲ್ಲನ್ನು ಜಜ್ಜಿದರೆ ಕೈಗೆಲ್ಲ ಮೆತ್ತುವ ಕರಿಪುಡಿಯೇ ಇವತ್ತಿನ ಕಥಾನಾಯಕ :) ಅದರಲ್ಲಿ ಮುಖ್ಯವಾಗಿ ಇರುವುದು ಮ್ಯಾಂಗನೀಸ್ ಡೈಆಕ್ಸೈಡ್. ಅದೇ ಕ್ಯಾಥೋಡ್, ಅಂದರೆ ಪ್ಲಸ್ ಕಡೆ. ಸುತ್ತಲಿನ ಸತುವಿನ ಡಬ್ಬಿ ಮೈನಸ್.

ಈ ಜೋಡಿಯನ್ನು ನವಸಾಗರದ ನೀರಿನಲ್ಲಿ ಕೂಡಿಸಿದವನು ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ, ೧೮೬೬ರಲ್ಲಿ. ೧೮೮೬ರಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ನೀರು ಚೆಲ್ಲದ ಒಣ ಶೆಲ್ ಮಾಡಿದ. ತಮಾಷೆ ನೋಡಿ, ನಮ್ಮೂರಿಂದ ಕಮಲಾಪುರ, ಹುಮನಾಬಾದ್ ದಾಟಿ ಬೀದರಿಗೆ ಹೋದರೆ ಅಲ್ಲಿನ ಬಿದ್ರಿ ಕೆಲಸದಲ್ಲೂ ಇರುವುದು ಸತು ಮತ್ತು ನವಸಾಗರವೇ! ತಾಮ್ರ ಬೆರೆಸಿದ ಸತುವಿನ ಪಾತ್ರೆಗೆ ಕೋಟೆಯ ಮಣ್ಣು, ನವಸಾಗರ ಹಚ್ಚಿ ಕಪ್ಪು ಬಣ್ಣ ಬರಿಸುತ್ತಾರೆ. ಮ್ಯಾಂಗನೀಸಿಗೆ ಬಳ್ಳಾರಿ ಜಿಲ್ಲೆಯ ಸಂಡೂರು ಇದೆ. ಅಲ್ಲಿನ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿದ್ದು ೧೯೫೪ರಲ್ಲಿ.

ಆದರೆ ಆ ಶೆಲ್ ಒಮ್ಮೆ ಬಳಸಿ ಬಿಸಾಡುವಂಥದ್ದು. ಕರೆಂಟು ಕೊಟ್ಟ ಮೇಲೆ ಒಳಗೆ ಹುಟ್ಟುವ ವಸ್ತುಗಳು ಸರಿಯಾಗಿ ಹಿಂದಿನ ರೂಪಕ್ಕೆ ಮರಳುವುದಿಲ್ಲ. ೧೯೮೬ರಲ್ಲಿ ಜಪಾನಿನ ಯಮಾಮೊಟೊ ಮತ್ತು ಶೋಜಿ ನವಸಾಗರದ ಬದಲು ಜಿಂಕ್ ಸಲ್ಫೇಟ್ ದ್ರಾವಣ ಹಾಕಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದು ಅಂತ ತೋರಿಸಿದರು. ೨೦೧೨ರ ಹೊತ್ತಿಗೆ ಚೀನಾದ ಕಾಂಗ್ ಫೆಯ್ಯೂ ತಂಡ ಇದಕ್ಕೆ ಜಿಂಕ್ ಅಯಾನ್ ಬ್ಯಾಟರಿ ಅಂತಲೇ ಹೆಸರಿಟ್ಟಿತು.

ಅಲ್ಲಿಗೆ ಮುಗಿಯಲಿಲ್ಲ. ಪ್ರತಿ ಸುತ್ತಿನಲ್ಲೂ ಕ್ಯಾಥೋಡಿನ ಮ್ಯಾಂಗನೀಸ್ ಚೂರುಚೂರೇ ನೀರಿಗೆ ಕರಗಿಹೋಗುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೆಮೊರಿ ಲೀಕ್! ೨೦೧೬ರಲ್ಲಿ ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದವರು ಮ್ಯಾಂಗನೀಸ್ ಸಲ್ಫೇಟನ್ನು ಮೊದಲೇ ನೀರಿಗೆ ಬೆರೆಸಿದರು. ನೀರಿನಲ್ಲಿ ಆಗಲೇ ಮ್ಯಾಂಗನೀಸ್ ಇದ್ದರೆ ಕ್ಯಾಥೋಡಿನಿಂದ ಕರಗುವುದು ಕಮ್ಮಿ. ೫,೦೦೦ ಸುತ್ತಿನ ನಂತರವೂ ಶೇ. ೯೨ರಷ್ಟು ಶಕ್ತಿ ಉಳಿಯಿತು. ಅದೇ ವರ್ಷ ಕೆನಡಾದ ಲಿಂಡಾ ನಜಾರ್ ತಂಡ ವನೇಡಿಯಂ ಆಕ್ಸೈಡಿನ ಪದರಗಳ ನಡುವೆ ಸತು ಮತ್ತು ನೀರನ್ನು ಕಂಬದಂತೆ ನಿಲ್ಲಿಸಿ, ಸತುವಿನ ಅಯಾನು ಓಡಾಡಲು ದಾರಿ ಮಾಡಿತು.

ಇದೆಲ್ಲ ನಮಗೇಕೆ ಅಂತೀರಾ? ಕಲಬುರಗಿಯಲ್ಲಿ ಬಿಸಿಲಿಗೆ ಬರವಿಲ್ಲ, ಹಗಲಿನ ಸೋಲಾರ್ ಕರೆಂಟನ್ನು ರಾತ್ರಿಗೆ ಕೂಡಿಡುವುದೇ ಕಷ್ಟ. ನೀರಿನ ಬ್ಯಾಟರಿ ಲಿಥಿಯಂನಂತೆ ಹೊತ್ತಿಕೊಳ್ಳುವುದಿಲ್ಲ. ಭಾರ ಜಾಸ್ತಿ, ನಿಜ. ಆದರೆ ಮನೆ ಮೂಲೆಯಲ್ಲಿ ಕೂರುವ ಬ್ಯಾಟರಿಗೆ ಭಾರದ ಚಿಂತೆ ಏಕೆ? ಅದಿರನ್ನು ಹಾಗೇ ತುಂಬಿದರೆ ಕ್ಯಾಥೋಡ್ ಆಗದು, ಶುದ್ಧ ಮಾಡಬೇಕು. ಆ ವಿದ್ಯೆ ಇಲ್ಲದಿದ್ದರೆ ಮಣ್ಣು ನಮ್ಮದು, ಬ್ಯಾಟರಿ ಬೇರೆಯವರದು ಅಷ್ಟೇ.

ರಸಾಯನಶಾಸ್ತ್ರ ಓದಿದ ಗೆಳೆಯರಿದ್ದರೆ ಮುಂದಿನ ಕಂತು ನೀವೇ ಬರೆಯಿರಿ...