ಟಾರು ಮೆತ್ತಿದ ಕಾರು: ತೊಳೆಯುವ ಖರ್ಚು ಯಾರದು?

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ ಶೆಟ್ಟಿಕೆರೆ. ಸುತ್ತ ತೆಂಗಿನ ತೋಟಗಳು, ವ್ಯಾಪಾರಕ್ಕೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆ. ಈ ಸೀಮೆಯ ಯಾವುದೇ ರಸ್ತೆಗೆ ಹೊಸದಾಗಿ ಟಾರು ಹಾಕಿದ ದಿನ ಕಾರಿನಲ್ಲಿ ಹಾದುಹೋದವರಿಗೆ ಮನೆ ಮುಟ್ಟಿದ ಮೇಲೆ ಒಂದು ಕೆಲಸ ಕಾದಿರುತ್ತದೆ. ಚಕ್ರದ ಹಿಂಬದಿಯಲ್ಲಿ, ಬಾಗಿಲಿನ ಕೆಳ ಅಂಚಿನಲ್ಲಿ ಸಾಸಿವೆ ಸಿಡಿದಂತೆ ಕಪ್ಪು ಚುಕ್ಕೆಗಳು. ನೀರಿಗೂ ಜಗ್ಗುವುದಿಲ್ಲ, ಸೋಪಿಗೂ ಜಗ್ಗುವುದಿಲ್ಲ. ಸೀಮೆಎಣ್ಣೆಗೆ ಕರಗುತ್ತದೆ, ಆದರೆ ಬಣ್ಣದ ಹೊಳಪೂ ಮಂಕಾಗಬಹುದು.

ತೆಂಗಿನ ನಾಡಿನಲ್ಲಿ ಇದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ. ಹಲಸಿನ ಹಣ್ಣು ಕೊಯ್ಯುವ ಮುನ್ನ ಮೇಣ ಅಂಟದಂತೆ ಕೈಗೂ ಚಾಕುವಿಗೂ ಸವರಿಕೊಳ್ಳುವ ಕೊಬ್ಬರಿ ಎಣ್ಣೆಯೇ ಟಾರಿಗೂ ಆಗುತ್ತದೆ. ಟಾರು ಎಣ್ಣೆಯ ಜಾತಿಗೇ ಸೇರಿದ್ದು. ನೀರಿನೊಡನೆ ಬೆರೆಯದ ವಸ್ತು ಎಣ್ಣೆಯಲ್ಲಿ ಸಡಿಲಗೊಳ್ಳುತ್ತದೆ. ಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಕಲೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು, ಮೆತ್ತಗೆ ಒರೆಸಿ, ಸೋಪಿನ ನೀರಿನಿಂದ ತೊಳೆಯಬೇಕು. ಚಾಕುವಿನಿಂದ ಕೆರೆಯಲು ಹೋದರೆ ಟಾರಿನೊಂದಿಗೆ ಬಣ್ಣವೂ ಬರುತ್ತದೆ. ಒಂದೆರಡು ಚುಕ್ಕೆಯಾದರೆ ಸರಿ. ಇಡೀ ಪಕ್ಕವೇ ಮೆತ್ತಿಕೊಂಡರೆ ವರ್ಕ್‌ಷಾಪಿಗೇ ಹೋಗಬೇಕು. ಬಾಡಿಗೆ ಕಾರು ಇಟ್ಟು ಬದುಕುವವನಿಗೆ ಒಂದು ದಿನದ ಸಂಪಾದನೆಯೂ ಹೋಯಿತು. ಆಗ ಏಳುವ ಪ್ರಶ್ನೆ, ಈ ಖರ್ಚು ಯಾರದು?

ಟಾರು ರಸ್ತೆಗೆ ಬಂದದ್ದೇ ಕಾರಿನ ದೆಸೆಯಿಂದ ಎಂಬುದನ್ನು ಇಲ್ಲಿ ನೆನೆಯಬೇಕು. ಸ್ಕಾಟ್ಲೆಂಡಿನ ಮೆಕ್ಯಾಡಮ್ 19ನೇ ಶತಮಾನದ ಆರಂಭದಲ್ಲಿ ರೂಪಿಸಿದ ಜಲ್ಲಿ ರಸ್ತೆ ಎತ್ತಿನ ಗಾಡಿಗೂ ಕುದುರೆ ಗಾಡಿಗೂ ಸಾಕಾಗಿತ್ತು. ಮೋಟಾರು ಬಂದಾಗ ಅದರ ಚಕ್ರಗಳು ಜಲ್ಲಿಯ ನಡುವಿನ ಪುಡಿಯನ್ನು ಎಬ್ಬಿಸಿ ಊರಿಗೆಲ್ಲ ಧೂಳು ಕುಡಿಸಿದವು. 1902ರಲ್ಲಿ ಮೊನಾಕೊದಲ್ಲಿ ಗುಲ್ಯೆಲ್ಮಿನೆಟ್ಟಿ ಎಂಬ ಸ್ವಿಸ್ ವೈದ್ಯ ರಸ್ತೆಗೆ ಬಿಸಿ ಟಾರು ಸುರಿಸಿ ಧೂಳನ್ನು ಅಡಗಿಸಿದ. ಜನ ಅವನನ್ನು ‘ಡಾಕ್ಟರ್ ಟಾರು’ ಎಂದೇ ಕರೆದರು. ಅದೇ ವರ್ಷ ಇಂಗ್ಲೆಂಡಿನ ಹೂಲಿ ಎಂಬ ಸರ್ವೇಯರ್ ಟಾರು ಬೆರೆತ ಜಲ್ಲಿಗೆ ಪೇಟೆಂಟ್ ಪಡೆದ. ಅಂದಿನ ಟಾರು ಕಲ್ಲಿದ್ದಲಿನಿಂದ ಬಂದದ್ದು. ಇಂದು ರಸ್ತೆಗೆ ಬೀಳುವುದು ಕಚ್ಚಾ ಪೆಟ್ರೋಲಿಯಂ ಶುದ್ಧೀಕರಿಸಿದಾಗ ಉಳಿಯುವ ಬಿಟುಮೆನ್. ಹೆಸರು ಮಾತ್ರ ಹಳೆಯದೇ ಉಳಿದಿದೆ.

ರಸ್ತೆ ಸುಧಾರಣೆಯ ಖರ್ಚನ್ನು ಮೋಟಾರಿನವರೇ ಹೊರಬೇಕೆಂಬ ತರ್ಕ ಭಾರತಕ್ಕೂ ಬಂತು. ಎಂ.ಆರ್. ಜಯಕರ್ ಅಧ್ಯಕ್ಷತೆಯ ಸಮಿತಿ 1928ರಲ್ಲಿ ವರದಿ ಕೊಟ್ಟಿತು. ಮರುವರ್ಷ ಪೆಟ್ರೋಲಿನ ಸುಂಕ ಗ್ಯಾಲನ್ನಿಗೆ ನಾಲ್ಕಾಣೆಯಿಂದ ಆರಾಣೆಗೆ ಏರಿತು. ಹೆಚ್ಚಿದ ಎರಡಾಣೆ ಕೇಂದ್ರ ರಸ್ತೆ ನಿಧಿಗೆ ಹೋಯಿತು. ಆ ನಿಧಿಗೆ 2000ದಲ್ಲಿ ಪ್ರತ್ಯೇಕ ಕಾನೂನಿನ ಬಲ ಬಂತು, 2018ರಲ್ಲಿ ಹೆಸರೂ ಬದಲಾಯಿತು. ಅಂತೂ ಬಂಕಿನಲ್ಲಿ ಪೆಟ್ರೋಲು ಹಾಕಿಸುವಾಗಲೇ ಕಾರಿನವನು ರಸ್ತೆಗೆ ತನ್ನ ಪಾಲು ಕೊಟ್ಟಿರುತ್ತಾನೆ. ಮೈಗೆ ಮೆತ್ತಿದ ಟಾರಿಗೂ ಅವನೇ ಕೊಡಬೇಕೇ?

ಈ ಬಗೆಯ ಜಗಳ ಟಾರಿಗಿಂತ ಹಳೆಯದು. ಕಲ್ಕತ್ತೆಯ ಕಿದರ್‌ಪುರದಲ್ಲಿ ಸರ್ಕಾರದ ಹಡಗುಕಟ್ಟೆಯ ಕೂಲಿಗಳು ಭಾರವಾದ ಕಬ್ಬಿಣದ ತುಂಡೊಂದನ್ನು ಹೊತ್ತು ರಸ್ತೆಯ ನಡುವೆ ಸಾಗುತ್ತಿದ್ದರು. ಜೋಡಿ ಕುದುರೆಯ ಸಾರೋಟು ಹತ್ತಿರ ಬಂತು, ಸಾರಥಿ ಕೂಗಿದ. ಮುಂದಿದ್ದವರು ಒಂದು ಕಡೆಗೆ ಸರಿದರೆ ಹಿಂದಿದ್ದವರು ಇನ್ನೊಂದು ಕಡೆಗೆ ಎಳೆದರು. ಗಾಬರಿಯಲ್ಲಿ ಕಬ್ಬಿಣವನ್ನು ಅಲ್ಲೇ ಬಿಟ್ಟರು. ಸದ್ದಿಗೆ ಬೆದರಿದ ಕುದುರೆಗಳು ಮುನ್ನುಗ್ಗಿ ಅದರ ಮೇಲೆಯೇ ಬಿದ್ದು, ಒಂದು ಕುದುರೆ ಗಾಯಗೊಂಡಿತು. ಸಾರೋಟಿನ ಒಡೆತನ ಪಿ. ಅಂಡ್ ಓ. ಹಡಗು ಕಂಪನಿಯದು. ಅದು ಕೇಳಿದ ಪರಿಹಾರ 350 ರೂಪಾಯಿ. ಮೊತ್ತ ಚಿಕ್ಕದು, ಪ್ರಶ್ನೆ ದೊಡ್ಡದು: ಸರ್ಕಾರದ ಕೂಲಿಯಾಳುಗಳ ಅಜಾಗ್ರತೆಗೆ ಸರ್ಕಾರ ಹೊಣೆಯೇ? 1861ರಲ್ಲಿ ಮುಖ್ಯ ನ್ಯಾಯಾಧೀಶ ಬಾರ್ನ್ಸ್ ಪೀಕಾಕ್ ಹೌದೆಂದರು. ಖಾಸಗಿಯವರೂ ಮಾಡಬಹುದಾದ ಕೆಲಸದಲ್ಲಿ ಸರ್ಕಾರ ತಪ್ಪಿದರೆ ಖಾಸಗಿಯವರಂತೆಯೇ ತೆರಬೇಕು. ರಾಜ್ಯಾಧಿಕಾರ ಚಲಾಯಿಸುವ ಕೆಲಸವಾದರೆ ಮಾತ್ರ ಬೇರೆ ಮಾತು.

ನಮ್ಮ ಸಂವಿಧಾನದ 300ನೇ ವಿಧಿ ಹಳೆಯ ಹೊಣೆಗಾರಿಕೆಯನ್ನೇ ಮುಂದುವರಿಸಿದ್ದರಿಂದ ಆ ಕುದುರೆ ಇಂದಿಗೂ ನ್ಯಾಯಾಲಯಗಳಲ್ಲಿ ಓಡಾಡುತ್ತಿದೆ. ಉದಯಪುರದ ಕಲೆಕ್ಟರರ ಜೀಪು ಪಾದಚಾರಿಯೊಬ್ಬರ ಜೀವ ತೆಗೆದ ವಿದ್ಯಾವತಿ ಪ್ರಕರಣದಲ್ಲಿ, 1962ರಲ್ಲಿ, ಸುಪ್ರೀಂ ಕೋರ್ಟು ರಾಜ್ಯ ಸರ್ಕಾರವನ್ನೇ ಹೊಣೆ ಮಾಡಿತು.

ಕೆಲಸ ಮಾಡಿದ್ದು ಗುತ್ತಿಗೆದಾರ, ನಮಗೇನು ಸಂಬಂಧ ಎಂಬುದು ಇನ್ನೊಂದು ಉತ್ತರ. ಇಂಗ್ಲೆಂಡಿನಲ್ಲಿ ಟೆಲಿಫೋನ್ ಕಂಪನಿಯೊಂದು ಹೀಗೆಯೇ ಹೇಳಿ ಸೋತಿತ್ತು. ಬೀದಿಯಲ್ಲಿ ತಂತಿ ಹಾಕುವಾಗ ಗುತ್ತಿಗೆಯ ಪ್ಲಂಬರ್ ತನ್ನ ದೀಪವನ್ನು ಕಾದ ಬೆಸುಗೆಯ ಪಾತ್ರೆಗೆ ಅದ್ದಿದ. ದೀಪ ಸಿಡಿದು, ದಾರಿಹೋಕನ ಮೇಲೆ ಕರಗಿದ ಲೋಹ ಚಿಮ್ಮಿತು. ಸಾರ್ವಜನಿಕ ರಸ್ತೆಯಲ್ಲಿ ಅಪಾಯದ ಕೆಲಸ ಮಾಡಿಸುವವರು ಹೊಣೆಯನ್ನು ಗುತ್ತಿಗೆಗೆ ಕೊಡಲಾರರೆಂದು 1899ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಬೆಸುಗೆಯ ಜಾಗದಲ್ಲಿ ಟಾರನ್ನು ಇಟ್ಟು ನೋಡಿದರೆ ಇದು ಇಂದಿನದೇ ಮೊಕದ್ದಮೆ.

ಹಾಗೆಂದು ಮೆತ್ತಿದ ಟಾರಿಗೆಲ್ಲ ಪರಿಹಾರ ಸಿಗುವುದಿಲ್ಲ. ಅಜಾಗ್ರತೆ ಸಾಬೀತಾಗಬೇಕು. ಫಲಕ ಹಾಕಿ, ಬದಲಿ ದಾರಿ ತೋರಿಸಿದ್ದರೂ ಹಸಿ ಟಾರಿನ ಮೇಲೆ ವೇಗವಾಗಿ ನುಗ್ಗಿದವನದು ಅವನದೇ ತಪ್ಪು. ಎಚ್ಚರಿಕೆಯೇ ಇಲ್ಲದೆ, ಒಣಗದ ರಸ್ತೆಗೆ ವಾಹನ ಬಿಟ್ಟಿದ್ದರೆ ತಪ್ಪು ಆ ಕಡೆಯದು. ರಸ್ತೆ ದೋಷಕ್ಕೆ ಗುತ್ತಿಗೆದಾರರಿಗೂ ಅಧಿಕಾರಿಗಳಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ 2019ರ ಮೋಟಾರು ವಾಹನ ತಿದ್ದುಪಡಿ ಇಲ್ಲಿ ನೆರವಾಗದು. ಅದು ಸಾವು ಅಥವಾ ಅಂಗವೈಕಲ್ಯ ಆದಾಗ ಮಾತ್ರ. ವಿಮೆಯೂ ಅಷ್ಟೆ, ಮೊದಲ ಒಂದು ಮೊತ್ತವನ್ನು ಮಾಲೀಕನೇ ಭರಿಸಬೇಕು. ಟಾರು ತೊಳೆಯುವ ಖರ್ಚು ಸಾಮಾನ್ಯವಾಗಿ ಅದರೊಳಗೇ ಮುಗಿಯುತ್ತದೆ. ಸರ್ಕಾರದ ಮೇಲೆ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟೀಸು ಕೊಡಬೇಕು. ಪಿ. ಅಂಡ್ ಓ. ಕಂಪನಿಗೆ ವಕೀಲರಿದ್ದರು, ಬಾಡಿಗೆ ಕಾರಿನವನಿಗೆ ಮರುದಿನದ ಬಾಡಿಗೆ ಇರುತ್ತದೆ.

ಅಷ್ಟಕ್ಕೂ ಟಾರು ಎರಡು ತಿಂಗಳು ಕಾಯುವ ವಸ್ತುವಲ್ಲ. ದಿನ ಕಳೆದಂತೆ ಗಟ್ಟಿಯಾಗಿ ಬಣ್ಣವನ್ನು ಹಿಡಿಯುತ್ತದೆ. ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಕಾರು ಉಳಿಯುತ್ತದೆ, ಆದರೆ ಸಾಕ್ಷಿ ಅಳಿಯುತ್ತದೆ. ಆದ್ದರಿಂದ ಒರೆಸುವ ಮುನ್ನ ಕಾರಿನದೊಂದು, ಫಲಕವಿಲ್ಲದ ರಸ್ತೆಯದೊಂದು ಚಿತ್ರ ತೆಗೆದು, ತೊಳೆಸಿದ ರಸೀದಿಯೊಂದಿಗೆ ಕೆಲಸ ಮಾಡಿಸಿದ ಇಲಾಖೆಗೂ ಗುತ್ತಿಗೆದಾರನಿಗೂ ಬರೆದು ಕೊಡಬೇಕು. ಸರ್ಕಾರಿ ಕಾಮಗಾರಿಗಳ ಕರಾರುಗಳಲ್ಲಿ ಮೂರನೆಯವರ ಆಸ್ತಿಗಾದ ಹಾನಿಯನ್ನು ಗುತ್ತಿಗೆದಾರ ಭರಿಸಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಬಿಲ್ಲು ಪಾಸಾಗುವ ಮುನ್ನ ಅರ್ಜಿ ತಲುಪಿದರೆ ಆ ಷರತ್ತನ್ನು ನೆನಪಿಸುವುದು ಸುಲಭ.