ಓವನ್ ಬೇಡದ ಬಿಸ್ಕತ್ತು ಪುಡ್ಡಿಂಗ್: ಮಾವಿನ ಕಾಲದ ಸಮಾರಂಭಕ್ಕೊಂದು ಪದರದ ಸಿಹಿ

ಹೋಳಿಗೆ, ಕಜ್ಜಾಯ, ಗಸಗಸೆ ಪಾಯಸ, ಒತ್ತು ಶಾವಿಗೆಯ ಜೊತೆಗೆ ಕಾಯಿಹಾಲು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಬ್ಬದೂಟದ ಸಿಹಿ ಎಂದರೆ ಮೊದಲು ನೆನಪಾಗುವುದು ಇವೇ. ಇವೆಲ್ಲವೂ ಬಡಿಸುವ ದಿನವೇ ಒಲೆಯ ಮುಂದೆ ನಿಂತು ಮಾಡಬೇಕಾದ, ಇಲ್ಲವೇ ಕೈಪಳಗಿದವರು ಹಲವರು ಕೂಡಿ ಮಾಡಬೇಕಾದ ತಿನಿಸುಗಳು. ಗೃಹಪ್ರವೇಶ, ನಾಮಕರಣ, ಇಫ್ತಾರ್ ಕೂಟ, ಮಕ್ಕಳ ಹುಟ್ಟುಹಬ್ಬದಂತಹ ಮನೆಮಟ್ಟದ ಸಮಾರಂಭಗಳಲ್ಲಿ ಅಷ್ಟು ಕೈಗಳು ಈಗ ಸಿಗುವುದಿಲ್ಲ. ಹಿಂದಿನ ದಿನವೇ ಮಾಡಿಟ್ಟು, ಮರುದಿನ ಚಮಚದಲ್ಲಿ ಕತ್ತರಿಸಿ ಬಡಿಸಬಹುದಾದ ಬಿಸ್ಕತ್ತು ಪುಡ್ಡಿಂಗ್ ಒದಗಿಬರುವುದು ಇಂತಹ ಸಂದರ್ಭದಲ್ಲಿ.

ಇದಕ್ಕೆ ಓವನ್ ಬೇಡ. ಹಾಲು ಕಾಯಿಸಲು ಒಲೆ ಬೇಕು, ತಣಿಸಲು ಫ್ರಿಜ್ ಬೇಕು, ಅಷ್ಟೆ. ಆದರೆ ಇದು ಸುಲಭದ ಸಿಹಿಯೆಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಐವತ್ತು ಜನರ ಮುಂದೆ ಇಡುವ ಹಾಲಿನ ಸಿಹಿ ಕರಗಬಾರದು, ಕೆಡಬಾರದು. ಬಂದವರಲ್ಲಿ ಯಾರೊಬ್ಬರೂ ‘ಇದರಲ್ಲಿ ಏನಿದೆಯೋ’ ಎಂಬ ಸಂದೇಹದಿಂದ ಬಟ್ಟಲನ್ನು ಪಕ್ಕಕ್ಕೆ ಸರಿಸುವಂತೆಯೂ ಆಗಬಾರದು.

ಪದರದ ಹಿಂದಿನ ಗುಟ್ಟು

ಬಿಸ್ಕತ್ತು ಮತ್ತು ಕೆನೆಯನ್ನು ಒಂದರ ಮೇಲೊಂದು ಹರಡಿ ತಣ್ಣಗಿಡುವ ಸಿಹಿಗಳು ಹಲವು ದೇಶಗಳಲ್ಲಿವೆ. ಅಮೆರಿಕದಲ್ಲಿ ಅದು ಐಸ್‌ಬಾಕ್ಸ್ ಕೇಕ್, ಇಟಲಿಯಲ್ಲಿ ತಿರಾಮಿಸು. ಪೋರ್ಚುಗೀಸರ ಸಂಪರ್ಕವಿದ್ದ ಮಕಾವ್ ಮತ್ತು ಗೋವೆಗಳಲ್ಲಿ ಸೆರಾದುರಾ ಎಂಬುದಿದೆ. ಸೆರಾದುರಾ ಎಂದರೆ ಮರದ ಹೊಟ್ಟು. ಮಾರಿ ಬಿಸ್ಕತ್ತಿನ ಪುಡಿ ನೋಡಲು ಹಾಗಿರುವುದರಿಂದ ಬಂದ ಹೆಸರು. ಬೊಂಬೆಗಾಗಿ ಆಲೆಮರ ಕಡೆಯುವ ಚನ್ನಪಟ್ಟಣದವರಿಗೆ ಈ ಹೆಸರೇನೂ ವಿಚಿತ್ರವೆನಿಸದು.

ಹೆಸರು ಯಾವುದಾದರೂ ಇವುಗಳ ಒಳಗಿನ ಕ್ರಿಯೆ ಒಂದೇ. ಬಿಸ್ಕತ್ತು ಮೊದಲೇ ಬೆಂದು ತೇವವೆಲ್ಲ ಆರಿದ ಪದಾರ್ಥ. ತೇವಭರಿತ ಕಸ್ಟರ್ಡಿನ ನಡುವೆ ಇಟ್ಟಾಗ ಅದು ನಿಧಾನವಾಗಿ ನೀರನ್ನು ಹೀರಿ, ಉಬ್ಬಿ, ಆರೆಂಟು ಗಂಟೆಗಳಲ್ಲಿ ಕೇಕಿನಂತೆ ಮೆದುವಾಗುತ್ತದೆ. ಕಾರ್ಖಾನೆಯವರು ಓವನ್ನಿನ ಕೆಲಸವನ್ನು ಮೊದಲೇ ಮುಗಿಸಿಕೊಟ್ಟಿರುತ್ತಾರೆ. ಮನೆಯಲ್ಲಿ ಮಾಡಬೇಕಾದದ್ದು ಕಾಯುವ ಕೆಲಸ ಮಾತ್ರ.

ಇದಕ್ಕೆ ಹೆಚ್ಚು ಹೊಂದುವುದು ಮಾರಿ ಬಿಸ್ಕತ್ತು. 1874ರಲ್ಲಿ ಲಂಡನ್ನಿನ ಪೀಕ್ ಫ್ರೀನ್ ಸಂಸ್ಥೆ ರಷ್ಯಾದ ರಾಜಕುಮಾರಿ ಮರಿಯಾಳ ಮದುವೆಯ ನೆನಪಿಗೆ ತಯಾರಿಸಿದ ಈ ಬಿಸ್ಕತ್ತು ಇಂದು ನಮ್ಮ ಹಳ್ಳಿಯ ಅಂಗಡಿಗಳಲ್ಲೂ ಸಿಗುತ್ತದೆ. ತೆಳುವಾಗಿ, ಸಮತಟ್ಟಾಗಿ, ಸಿಹಿ ಕಡಿಮೆಯಾಗಿರುವುದೇ ಅದರ ಅನುಕೂಲ. ಗ್ಲೂಕೋಸ್ ಬಿಸ್ಕತ್ತು ಬೇಗನೆ ಗಂಜಿಯಾಗುತ್ತದೆ. ಬೇಕರಿಯ ಬೆಣ್ಣೆ ಬಿಸ್ಕತ್ತಿನಲ್ಲಿ ಜಿಡ್ಡು ಹೆಚ್ಚಿರುವುದರಿಂದ ನೀರು ಹೀರುವುದು ತಡ. ರಾಗಿ ಬಿಸ್ಕತ್ತು ರುಚಿಯಲ್ಲಿ ಸೊಗಸು, ಆದರೆ ಹಾಲಿನಲ್ಲಿ ಅದ್ದಿದರೆ ಕೈಯಲ್ಲೇ ಉದುರುತ್ತದೆ. ಅದನ್ನು ಪುಡಿ ಮಾಡಿ ಹರಡುವುದೇ ಲೇಸು.

ಇನ್ನು ಕಸ್ಟರ್ಡ್ ಪುಡಿ. ಹೆಸರು ಕೇಳಿ ಇದರಲ್ಲಿ ಮೊಟ್ಟೆಯಿದೆಯೆಂದು ಅನುಮಾನಿಸುವವರು ಇಂದಿಗೂ ಇದ್ದಾರೆ. ಮೊಟ್ಟೆ ಒಗ್ಗದ ಹೆಂಡತಿಗಾಗಿ ಆಲ್ಫ್ರೆಡ್ ಬರ್ಡ್ ಎಂಬಾತ 1837ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಇದನ್ನು ಕಂಡುಹಿಡಿದ. ಅಂದಿನಿಂದಲೂ ಇದು ಮುಖ್ಯವಾಗಿ ಜೋಳದ ಪಿಷ್ಟ, ಬಣ್ಣ ಹಾಗೂ ವೆನಿಲ್ಲಾ ಪರಿಮಳದ ಮಿಶ್ರಣ. ಸಂದೇಹವಿದ್ದವರು ಡಬ್ಬಿಯ ಮೇಲಿನ ಹಸಿರು ಚುಕ್ಕೆ ನೋಡಿಕೊಂಡರೆ ಸಾಕು.

ಜೆಲಾಟಿನ್ ಅಲ್ಲ, ಚೈನಾ ಗ್ರಾಸ್

ಪುಡ್ಡಿಂಗ್ ಗಟ್ಟಿಯಾಗಿ ನಿಲ್ಲಲು ಇಂಗ್ಲಿಷ್ ಅಡುಗೆ ಪುಸ್ತಕಗಳು ಹೇಳುವುದು ಜೆಲಾಟಿನ್. ಈ ಭಾಗದ ಸಮಾರಂಭಕ್ಕೆ ಅದು ಎರಡು ಕಾರಣಗಳಿಂದ ಹೊಂದುವುದಿಲ್ಲ.

ಮೊದಲನೆಯದು ಎಲ್ಲರಿಗೂ ತಿಳಿದಂಥದ್ದು. ಜೆಲಾಟಿನ್ ತಯಾರಾಗುವುದು ದನ, ಹಂದಿ ಮೊದಲಾದ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ. ಸಸ್ಯಾಹಾರಿಗಳು ಅದನ್ನು ಮುಟ್ಟರು. ಹಲಾಲ್ ಎಂದು ಖಚಿತವಾಗದ ಹೊರತು ಮುಸಲ್ಮಾನರೂ ಮುಟ್ಟರು. ರೇಷ್ಮೆ ವ್ಯಾಪಾರದ ನಂಟಿನಿಂದ ಎಲ್ಲ ಸಮುದಾಯದವರೂ ಒಬ್ಬರ ಮನೆಯ ಸಮಾರಂಭಕ್ಕೆ ಮತ್ತೊಬ್ಬರು ಹೋಗಿಬರುವ ರಾಮನಗರ, ಚನ್ನಪಟ್ಟಣದಂತಹ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಎರಡನೆಯದು ಅಷ್ಟಾಗಿ ಗಮನಕ್ಕೆ ಬಾರದ ಕಾರಣ. ಜೆಲಾಟಿನ್ ಸುಮಾರು 30ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗಲಾರಂಭಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಶಾಮಿಯಾನದ ಕೆಳಗಿನ ಬಿಸಿ ಅದಕ್ಕಿಂತ ಕಡಿಮೆ ಇರುವುದು ಅಪರೂಪ. ಬಡಿಸುವವರು ಎರಡನೆಯ ಪಂಕ್ತಿಗೆ ಹೋಗುವಷ್ಟರಲ್ಲಿ ಪುಡ್ಡಿಂಗ್ ಪಾಯಸವಾಗಿರುತ್ತದೆ.

ಚೈನಾ ಗ್ರಾಸ್ ಈ ಎರಡೂ ತೊಡಕುಗಳನ್ನು ನಿವಾರಿಸುತ್ತದೆ. ಕಡಲ ಕೆಂಪು ಪಾಚಿಯಿಂದ ಪಡೆಯುವ ಇದು ಸುಮಾರು 35ರಿಂದ 40 ಡಿಗ್ರಿಗೆ ಇಳಿಯುತ್ತಲೇ ಹೆಪ್ಪುಗಟ್ಟುತ್ತದೆ, ಮತ್ತೆ ಕರಗಬೇಕಾದರೆ 85 ಡಿಗ್ರಿಯ ಆಸುಪಾಸಿಗೆ ಏರಬೇಕು. ಅಂದರೆ ಒಮ್ಮೆ ನಿಂತದ್ದು ಎಂತಹ ಸೆಖೆಯಲ್ಲೂ ನಿಂತೇ ಇರುತ್ತದೆ. ರಂಜಾನ್ ದಿನಗಳಲ್ಲಿ ಹಾಲಿನೊಡನೆ ಚೈನಾ ಗ್ರಾಸ್ ಕುದಿಸಿ ಹೆಪ್ಪು ಹಾಕುವ ರೂಢಿ ಇರುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲೊಂದು ಎಚ್ಚರಿಕೆಯೂ ಅಗತ್ಯ: ಚೈನಾ ಗ್ರಾಸ್ ಕರಗುವುದಿಲ್ಲವೆಂದರೆ ಹಾಲು ಕೆಡುವುದಿಲ್ಲವೆಂದಲ್ಲ. ನೋಡಲು ಗಟ್ಟಿಯಾಗಿಯೇ ಇರುವ ಪುಡ್ಡಿಂಗ್ ಒಳಗೊಳಗೇ ಹಾಳಾಗಿರಬಹುದು.

ಬೇಕಾಗುವ ಸಾಮಗ್ರಿಗಳು

ಸುಮಾರು 33 ಸೆಂ.ಮೀ. ಉದ್ದ, 23 ಸೆಂ.ಮೀ. ಅಗಲ, 6 ಸೆಂ.ಮೀ. ಆಳದ ಒಂದು ಟ್ರೇಗೆ, ಅಂದರೆ ಇಪ್ಪತ್ತು ಜನರಿಗೆ ಸಾಕಾಗುವ ಲೆಕ್ಕವಿದು. ಗಟ್ಟಿ ಹಾಲು ಒಂದೂವರೆ ಲೀಟರ್, ಬಿಸ್ಕತ್ತು ಅದ್ದಲು ಪ್ರತ್ಯೇಕವಾಗಿ ಒಂದು ಲೋಟ ಹಾಲು, ಕಸ್ಟರ್ಡ್ ಪುಡಿ 120 ಗ್ರಾಂ, ಸಕ್ಕರೆ 200 ಗ್ರಾಂ, ಮಾರಿ ಬಿಸ್ಕತ್ತು 350 ಗ್ರಾಂ, ತಾಜಾ ಕೆನೆ 200 ಮಿ.ಲೀ., ಎಳೆಯ ರೂಪದ ಚೈನಾ ಗ್ರಾಸ್ 8 ಗ್ರಾಂ, ಮಾವಿನ ತಿರುಳು 600 ಗ್ರಾಂ, ಚಿಟಿಕೆ ಉಪ್ಪು, ಸ್ವಲ್ಪ ಏಲಕ್ಕಿ ಪುಡಿ. ಕೆನೆ ದೊರೆಯದಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಸಿಹಿ ಮೊಸರು ನಡೆಯುತ್ತದೆ.

ಮಾವಿನ ಮಟ್ಟಿಗೆ ಈ ಸೀಮೆಯವರು ಅದೃಷ್ಟವಂತರು. ಕೋಲಾರದ ಜೊತೆಗೆ ರಾಜ್ಯದ ಪ್ರಮುಖ ಮಾವು ಬೆಳೆಯುವ ಪ್ರದೇಶವಿದು. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ಈ ಜಿಲ್ಲೆಯ ಹಣ್ಣು ಬೆಂಗಳೂರಿನ ಮಾರುಕಟ್ಟೆಗೆ ಕೋಲಾರದ ಹಣ್ಣಿಗಿಂತ ಮೊದಲೇ ಬರುತ್ತದೆ. ಪುಡ್ಡಿಂಗಿಗೆ ನಾರಿಲ್ಲದ, ಗಟ್ಟಿ ತಿರುಳಿನ ಬಾದಾಮಿಯೇ ಉತ್ತಮ. ರಸಪುರಿ ಸೀಕರಣೆಗೆ ಹೇಳಿ ಮಾಡಿಸಿದ ಹಣ್ಣು. ಇಲ್ಲಿ ಅದರ ರಸ ತೆಳುವಾಯಿತು. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಗಿಸುವುದು ಕಾನೂನಿನಲ್ಲಿ ನಿಷಿದ್ಧವಾದರೂ ನಿಂತಿಲ್ಲವಾದ್ದರಿಂದ, ಕಾಯಿ ತಂದು ಭತ್ತದ ಹುಲ್ಲಿನಲ್ಲಿ ಮನೆಯಲ್ಲೇ ಮಾಗಿಸಿಕೊಳ್ಳುವವರು ಸಮಾರಂಭಕ್ಕೆ ವಾರ ಮುಂಚೆಯೇ ಸಿದ್ಧತೆ ಮಾಡಿಕೊಳ್ಳಬೇಕು.

ಹಾಲಿಗೂ ಕೊರತೆಯಿಲ್ಲ. ಬೆಂಗಳೂರು ಹಾಲು ಒಕ್ಕೂಟದ ವ್ಯಾಪ್ತಿಗೆ ಸೇರಿದ ಈ ತಾಲ್ಲೂಕುಗಳಲ್ಲಿ ಡೇರಿಗೆ ಹಾಲು ಹಾಕುವ ಮನೆಗಳು ಊರೂರಿಗೂ ಇವೆ. ಕರೆದ ಹಾಲನ್ನೇ ಬಳಸುವುದಾದರೆ ಮೊದಲು ಒಮ್ಮೆ ಚೆನ್ನಾಗಿ ಉಕ್ಕಿಸಿ ಆರಿಸಿಕೊಳ್ಳಬೇಕು. ಬಿಸ್ಕತ್ತು ಅದ್ದುವ ಹಾಲಿಗೂ ಈ ಮಾತು ಅನ್ವಯಿಸುತ್ತದೆ.

ಮಾಡುವ ವಿಧಾನ

ಚೈನಾ ಗ್ರಾಸಿನಲ್ಲಿ 5 ಗ್ರಾಮನ್ನು ಒಂದು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅದೇ ನೀರಿನಲ್ಲಿ ಒಂದೆಳೆಯೂ ಉಳಿಯದಂತೆ ಕುದಿಸಿ ಕರಗಿಸಬೇಕು. ನೇರವಾಗಿ ಹಾಲಿಗೆ ಹಾಕಿದರೆ ಕರಗಿತೋ ಇಲ್ಲವೋ ಕಾಣುವುದಿಲ್ಲ. ಕಸ್ಟರ್ಡ್ ಪುಡಿಯನ್ನು ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿಡಬೇಕು. ಬಿಸಿ ಹಾಲಿಗೆ ಹಾಕಿದ ಪುಡಿ ಗಂಟು ಕಟ್ಟದೆ ಇರದು. ಉಳಿದ ಹಾಲಿಗೆ ಸಕ್ಕರೆ, ಉಪ್ಪು ಸೇರಿಸಿ ದಪ್ಪ ತಳದ ಪಾತ್ರೆಯಲ್ಲಿ ಕುದಿಸಿ, ಉರಿ ತಗ್ಗಿಸಿ, ಕಲಸಿದ ಕಸ್ಟರ್ಡನ್ನು ಎಳೆಯಾಗಿ ಸುರಿಯುತ್ತ ತಳ ಹಿಡಿಯದಂತೆ ತಿರುಗಿಸಬೇಕು. ಗಟ್ಟಿಯಾದ ಕೂಡಲೇ ಇಳಿಸದೆ ಇನ್ನೂ ಎರಡು ನಿಮಿಷ ಕುದಿಯಗೊಡಬೇಕು. ಪಿಷ್ಟ ಪೂರ್ತಿ ಬೇಯದಿದ್ದರೆ ಹಸಿ ವಾಸನೆ ಉಳಿಯುವುದಲ್ಲದೆ ಮರುದಿನ ನೀರು ಬಿಟ್ಟುಕೊಳ್ಳುತ್ತದೆ.

ರುಚಿ ನೋಡಿದ ಚಮಚವನ್ನು ಮತ್ತೆ ಪಾತ್ರೆಗೆ ಅದ್ದಬಾರದು. ಎಂಜಲಿನ ಮಡಿವಂತಿಕೆಗೆ ಇಲ್ಲಿ ರಸಾಯನಶಾಸ್ತ್ರದ ಬೆಂಬಲವೂ ಇದೆ: ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಆರುತ್ತಿರುವ ಕಸ್ಟರ್ಡಿಗೆ ಅದು ಸೇರಿದರೆ, ಗಟ್ಟಿಯಾಗಿದ್ದದ್ದು ಬೆಳಗಾಗುವಷ್ಟರಲ್ಲಿ ನೀರಾಗಿರಲೂಬಹುದು.

ಒಲೆಯಿಂದ ಇಳಿಸುವ ಮುನ್ನ ಕರಗಿಸಿದ ಚೈನಾ ಗ್ರಾಸನ್ನು ಬಿಸಿಯಾಗಿಯೇ ಬೆರೆಸಿ, ಇಳಿಸಿದ ಮೇಲೆ ಕೆನೆ, ಏಲಕ್ಕಿ ಸೇರಿಸಬೇಕು. ಇಲ್ಲಿಂದ ಮುಂದೆ ಕೈ ಚುರುಕಾಗಿರಬೇಕು, ಏಕೆಂದರೆ ಬೆಚ್ಚಗಿರುವಾಗಲೇ ಹರಡದಿದ್ದರೆ ಪಾತ್ರೆಯಲ್ಲೇ ಹೆಪ್ಪುಗಟ್ಟುತ್ತದೆ. ಮಾರಿ ಬಿಸ್ಕತ್ತುಗಳನ್ನು ಒಂದೊಂದಾಗಿ ಹಾಲಿನಲ್ಲಿ ಅದ್ದಿ ತಕ್ಷಣ ತೆಗೆದು, ಟ್ರೇ ತುಂಬ ಒತ್ತೊತ್ತಾಗಿ ಜೋಡಿಸಿ, ಸಂದುಗಳಿಗೆ ಮುರಿದ ಚೂರು ತುಂಬಬೇಕು. ಅದರ ಮೇಲೆ ಕಸ್ಟರ್ಡಿನ ಮೂರನೆಯ ಒಂದು ಭಾಗ. ಹೀಗೆ ಮೂರು ಬಾರಿ. ದೊಡ್ಡವರೇ ಹೆಚ್ಚಿರುವ ಕೂಟವಾದರೆ ಹಾಲಿನ ಬದಲು ಆರಿದ ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಬಹುದು. ಆಗ ಮಾವಿನ ಪದರ ಬಿಟ್ಟುಬಿಡುವುದು ವಾಸಿ.

ಮೇಲಿನ ಪದರಕ್ಕೆ, ಉಳಿದ 3 ಗ್ರಾಂ ಚೈನಾ ಗ್ರಾಸನ್ನು ಒಂದು ಲೋಟ ನೀರಿನಲ್ಲಿ ಕುದಿಸಿ ರುಬ್ಬಿದ ಮಾವಿನ ತಿರುಳಿಗೆ ಬೆರೆಸಿ ಸುರಿಯಬೇಕು. ಫ್ರಿಜ್‌ನಿಂದ ತೆಗೆದ ತಣ್ಣನೆಯ ತಿರುಳಾದರೆ ಚೈನಾ ಗ್ರಾಸ್ ಮುಟ್ಟಿದಲ್ಲೇ ಗಂಟುಗಂಟಾಗಿ ಹೆಪ್ಪುಗಟ್ಟುತ್ತದೆ. ಆದ್ದರಿಂದ ತಿರುಳನ್ನು ಉಗುರುಬೆಚ್ಚಗೆ ಮಾಡಿಕೊಂಡಿರಬೇಕು.

ಅರವತ್ತು ಜನರಿಗೆ ಮೂರು ಟ್ರೇ ಬೇಕು. ನಾಲ್ಕೂವರೆ ಲೀಟರ್ ಹಾಲನ್ನು ಒಂದೇ ಪಾತ್ರೆಯಲ್ಲಿ ಕಾಯಿಸುವ ಆಸೆ ಸಹಜ. ಆದರೆ ತಳ ಹಿಡಿಯುವುದು, ಕೊನೆಯ ಟ್ರೇಗೆ ಬರುವಷ್ಟರಲ್ಲಿ ಕಸ್ಟರ್ಡ್ ಗಡ್ಡೆಯಾಗುವುದು ಎರಡೂ ನಿಶ್ಚಿತ. ಮೂರು ಸಲ ಮಾಡುವುದೇ ಸರಿ.

ತಣಿಸುವುದು, ಸಾಗಿಸುವುದು

5 ಡಿಗ್ರಿಯಿಂದ 60 ಡಿಗ್ರಿ ನಡುವಿನ ಉಷ್ಣಾಂಶದಲ್ಲಿ ಹಾಲಿನ ಪದಾರ್ಥಗಳಲ್ಲಿ ರೋಗಾಣುಗಳು ಬೇಗ ವೃದ್ಧಿಸುತ್ತವೆ. ಅವುಗಳಲ್ಲಿ ಕೆಲವು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವಂಥದ್ದಲ್ಲ, ಪುಡ್ಡಿಂಗನ್ನಂತೂ ಮತ್ತೆ ಕುದಿಸುವ ಮಾತೇ ಇಲ್ಲ. ಹರಡಿದ ಟ್ರೇಯನ್ನು ಅಗಲವಾದ ಬಾನಿಯಲ್ಲಿ ಮಂಜುಗಡ್ಡೆ ಬೆರೆಸಿದ ನೀರಿನ ಮೇಲಿರಿಸಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಬೇಕು. ಅಲ್ಲಿ ಎಂಟು ಗಂಟೆ. ಬೇಗ ಆಗಲೆಂದು ಫ್ರೀಜರಿನಲ್ಲಿಟ್ಟರೆ ಹೆಪ್ಪು ಬಿಟ್ಟಾಗ ಪಿಷ್ಟ ನೀರೊಡೆಯುತ್ತದೆ.

ಮನೆಯ ಫ್ರಿಜ್‌ನಲ್ಲಿ ಮೂರು ಟ್ರೇ ಹಿಡಿಯುವುದೇ ಎಂಬುದನ್ನು ಹಾಲು ತರುವ ಮುನ್ನವೇ ಅಳೆದು ನೋಡಬೇಕು. ಕೊನೆಯ ಗಳಿಗೆಯಲ್ಲಿ ತೊಡಕಾಗುವುದು ಹೆಚ್ಚಾಗಿ ಇಲ್ಲಿಯೇ. ರಾತ್ರಿ ಗಂಟೆಗಟ್ಟಲೆ ಕರೆಂಟು ಹೋದರೆ ಫ್ರಿಜ್ ಬಾಗಿಲನ್ನು ಮತ್ತೆ ಮತ್ತೆ ತೆರೆಯದಿರುವುದೇ ಉಪಾಯ. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಬೆಂಗಳೂರಿನಿಂದ ಊರಿನ ಸಮಾರಂಭಕ್ಕೆ ಹೊತ್ತು ತರುವವರು ದಾರಿ ಐವತ್ತು, ಅರವತ್ತು ಕಿಲೋಮೀಟರ್ ತಾನೆ ಎಂದುಕೊಳ್ಳಬಾರದು. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿ ಒಲೆಗೆ ಸಮ. ಥರ್ಮೋಕೋಲ್ ಪೆಟ್ಟಿಗೆಯ ತಳದಲ್ಲಿ ಮಂಜುಗಡ್ಡೆ ತುಂಬಿದ ಚೀಲಗಳನ್ನಿಟ್ಟು ಅದರ ಮೇಲೆ ಟ್ರೇ ಇರಿಸಿ ತರಬೇಕು.

ಬಡಿಸುವಾಗ ಒಂದೊಂದೇ ಟ್ರೇ ಹೊರಗೆ ಬರಲಿ. ಹೊರಗಿಟ್ಟು ಎರಡು ಗಂಟೆ ಕಳೆದದ್ದನ್ನು, ತೀರಾ ಸೆಖೆಯಿದ್ದರೆ ಒಂದು ಗಂಟೆ ಕಳೆದದ್ದನ್ನು, ‘ಚೆನ್ನಾಗಿಯೇ ಇದೆಯಲ್ಲ’ ಎಂದು ಮಕ್ಕಳಿಗೂ ಹಿರಿಯರಿಗೂ ಕೊಡುವುದು ಸಲ್ಲದು. ಮುಟ್ಟದೆ ಫ್ರಿಜ್‌ನಲ್ಲೇ ಉಳಿದ ಟ್ರೇ ಮರುದಿನಕ್ಕೂ ಚೆನ್ನಾಗಿರುತ್ತದೆ. ಅದರ ಮಾರನೆಯ ದಿನಕ್ಕೆ ಬಿಸ್ಕತ್ತಿನ ಪದರ ಗುರುತು ಸಿಗದಂತೆ ಕದಡಿಹೋಗುತ್ತದೆ.

ಮಾವಿನ ಕಾಲ ಮುಗಿದ ಮೇಲೆ ಹಸಿ ಅನಾನಸನ್ನು ಹಾಕುವವರಿದ್ದಾರೆ. ಅದರ ಕಿಣ್ವದಿಂದ ಹಾಲಿನ ಪದರ ಕಹಿಯಾಗುತ್ತದೆ. ಸಕ್ಕರೆಯೊಡನೆ ಹತ್ತು ನಿಮಿಷ ಬೇಯಿಸಿ ಆರಿಸಿ ಬಳಸಿದರೆ ಆ ತೊಂದರೆಯಿಲ್ಲ. ಹಣ್ಣೇ ಬೇಡವೆನ್ನುವವರು ಕೊನೆಯ ಪದರಕ್ಕೆ ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ ಹಾಗೂ ಚೂರು ತುಪ್ಪವನ್ನು ಉದುರುದುರಾಗಿ ಕಲಸಿ, ಬಡಿಸುವ ಹೊತ್ತಿಗೆ ಮೇಲೆ ಉದುರಿಸಬಹುದು. ಮುಂಚೆಯೇ ಉದುರಿಸಿದರೆ ಹುರಿಹಿಟ್ಟು ತೇವ ಹೀರಿ ಮೆತ್ತಗಾಗುತ್ತದೆ.